‘ಹ್ಯಾವ್’ ಮತ್ತು ನಮ್ಮ ‘ಇದೆ’

ಇಂಗ್ಲಿಷ್ ನಿಘಂಟಿನಲ್ಲಿ ಕಠಿಣವಾದ ಶಬ್ದಕ್ಕೆ ಅರ್ಥ ಹುಡುಕುವುದು ಸುಲಭದ ಕೆಲಸ. ಅಂಥ ಶಬ್ದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥಗಳಿರುತ್ತವೆ. ಓದಿ, ನಿಘಂಟನ್ನು ಮುಚ್ಚಿಡಬಹುದು. ನಿಜವಾದ ಕಷ್ಟವಿರುವುದು ಎಳೆಯ ಮಕ್ಕಳಿಗೂ ಗೊತ್ತಿರುವ ಸಣ್ಣ ಶಬ್ದಗಳಲ್ಲಿ. ‘ಹ್ಯಾವ್’ ಅಂಥದೊಂದು ಶಬ್ದ. ನಮ್ಮ ಹುಡುಗರು ಇಂಗ್ಲಿಷ್ ಕಲಿಯತೊಡಗಿದ ಕೆಲವೇ ತಿಂಗಳಲ್ಲಿ ‘ಐ ಹ್ಯಾವ್ ಎ ಪೆನ್’ ಎಂದು ಬಾಯಿಪಾಠ ಮಾಡುತ್ತಾರೆ. ಆದರೆ ಪದವೀಧರರಾಗಿ ಹತ್ತು ವರ್ಷ ಕಳೆದವರೂ ಈ ಶಬ್ದದ ಬಳಿ ಬಂದಾಗ ಎಡವುವುದನ್ನು ನಾವು ದಿನವೂ ಕಾಣುತ್ತೇವೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇಂಗ್ಲಿಷ್ ಶಬ್ದವೊಂದರ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಈ ಶಬ್ದಕ್ಕೆ ಸರಿಸಮನಾದ ಕ್ರಿಯಾಪದ ಕನ್ನಡದಲ್ಲಿ ಇಲ್ಲ. ಹೀಗೆ ಇಲ್ಲದಿರುವುದನ್ನು ನಾವು ತಿಳಿದುಕೊಳ್ಳದೆ ಇರುವುದರಿಂದ ಎರಡು ಬಗೆಯ ಹಾನಿಯಾಗಿದೆ. ಒಂದು, ನಮ್ಮ ಇಂಗ್ಲಿಷ್ ತಪ್ಪುತ್ತದೆ. ಇನ್ನೊಂದು, ಇತ್ತೀಚಿನ ದಿನಗಳಲ್ಲಿ ನಮ್ಮ ಕನ್ನಡವೂ ತಪ್ಪತೊಡಗಿದೆ. ಇವೆರಡರ ಬೇರು ಒಂದೇ ಕಡೆ ಇದೆ ಎಂಬುದನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಮೊದಲು ಈ ಶಬ್ದದ ಹುಟ್ಟನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಹಬ್ಬನ್’. ಜರ್ಮನ್ ಭಾಷೆಯ ‘ಹಾಬೆನ್’ ಇದರ ಒಡಹುಟ್ಟು. ಲ್ಯಾಟಿನ್ ಭಾಷೆಯಲ್ಲಿ ಇದೇ ಅರ್ಥದ ‘ಹಬೇರೆ’ ಎಂಬ ಶಬ್ದವಿದೆ. ಫ್ರೆಂಚರ ‘ಅವ್ವಾರ್’ ಹುಟ್ಟಿದ್ದು ಅದರಿಂದ. ಧ್ವನಿಯೂ ಅರ್ಥವೂ ಇಷ್ಟು ಹತ್ತಿರವಿರುವಾಗ ‘ಹ್ಯಾವ್’ ಮತ್ತು ‘ಹಬೇರೆ’ ಒಂದೇ ತಾಯಿಯ ಮಕ್ಕಳೆಂದು ಯಾರಾದರೂ ನಂಬಿಯಾರು. ಆದರೆ ಭಾಷಾಶಾಸ್ತ್ರ ಹಾಗೆ ಹೇಳುವುದಿಲ್ಲ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿ, ‘ಪಾಲ್’ ‘ಹಾಲು’ ಆದದ್ದು ನಮಗೆ ತಿಳಿದೇ ಇದೆ. ಹಾಗೆಯೇ ಯುರೋಪಿನ ಮೂಲಭಾಷೆಯಲ್ಲಿದ್ದ ಕಕಾರ, ಇಂಗ್ಲಿಷ್ ಜರ್ಮನ್‌ಗಳ ಕವಲಿನಲ್ಲಿ ಹಕಾರವಾಯಿತು. ಲ್ಯಾಟಿನ್ನಿನಲ್ಲಿ ಕೊಂಬಿಗೆ ‘ಕೊರ್ನು’, ಇಂಗ್ಲಿಷಿನಲ್ಲಿ ‘ಹಾರ್ನ್’. ಅಲ್ಲಿ ನೂರಕ್ಕೆ ‘ಕೆಂತುಮ್’, ಇಲ್ಲಿ ‘ಹಂಡ್ರೆಡ್’. ಯಾಕೋಬ್ ಗ್ರಿಮ್ ಎಂಬ ಜರ್ಮನ್ ವಿದ್ವಾಂಸ 1822ರಲ್ಲಿ ಈ ವ್ಯತ್ಯಾಸಗಳನ್ನು ಒಂದು ಸೂತ್ರವಾಗಿ ನಿರೂಪಿಸಿದ. ಆ ಸೂತ್ರದಂತೆ ಲೆಕ್ಕ ಹಾಕಿದರೆ ಇಂಗ್ಲಿಷಿನ ‘ಹ್ಯಾವ್’ಗೆ ಲ್ಯಾಟಿನ್ನಿನಲ್ಲಿ ನಿಜವಾದ ಬಂಧು ಹಕಾರದ ‘ಹಬೇರೆ’ ಅಲ್ಲ, ಕಕಾರದ ‘ಕಪೆರೆ’. ಅದರ ಅರ್ಥ ‘ಹಿಡಿ’ ಎಂದು. ಸೆರೆಯಾಳು ಎಂಬರ್ಥದ ‘ಕ್ಯಾಪ್ಟಿವ್’, ವಶಪಡಿಸಿಕೊಳ್ಳುವುದೆಂಬ ಅರ್ಥದ ‘ಕ್ಯಾಪ್ಚರ್’ ಮುಂತಾದ ಶಬ್ದಗಳು ಅದೇ ‘ಕಪೆರೆ’ಯಿಂದ ಬಂದು, ಮುಂದೆ ಇಂಗ್ಲಿಷನ್ನು ಸೇರಿದವು.

ಎಂದರೆ ‘ಹ್ಯಾವ್’ ಶಬ್ದದ ತಳದಲ್ಲಿರುವುದು ಕೈ. ಕೈಯಲ್ಲಿ ಹಿಡಿದದ್ದು ತನ್ನದು. ಹಿಡಿದವನು ಕರ್ತೃ, ಹಿಡಿಯಲ್ಪಟ್ಟದ್ದು ಕರ್ಮ. ‘ಐ ಹ್ಯಾವ್ ಎ ಬುಕ್’ ಎನ್ನುವಾಗ ‘ನಾನು’ ಎಂಬವನು ವಾಕ್ಯದ ಯಜಮಾನ. ಪುಸ್ತಕ ಅವನ ಹಿಡಿತದಲ್ಲಿರುವ ವಸ್ತು. ಇಂಗ್ಲಿಷಿನವನು ಇಂದು ಈ ಮಾತನ್ನು ಆಡುವಾಗ ಯಾವ ಕೈಯನ್ನೂ ನೆನೆಯುವುದಿಲ್ಲ. ಆದರೆ ವಾಕ್ಯದ ಕಟ್ಟಡ ಹಾಗೆಯೇ ಉಳಿದಿದೆ.

ಈಗ ಅದೇ ಮಾತನ್ನು ಕನ್ನಡದಲ್ಲಿ ಹೇಳಿನೋಡಿ. ‘ನನ್ನ ಹತ್ತಿರ ಪುಸ್ತಕವಿದೆ.’ ಇಲ್ಲಿ ಕರ್ತೃ ಯಾರು? ಪುಸ್ತಕ. ಇರುವ ಕ್ರಿಯೆ ಅದರದು. ‘ನಾನು’ ಎಂಬವನು ವಾಕ್ಯದ ಗದ್ದುಗೆಯಿಂದಿಳಿದು, ಪುಸ್ತಕವಿರುವ ಸ್ಥಳದ ಗುರುತಾಗಿ ಮೂಲೆಯಲ್ಲಿ ನಿಂತಿದ್ದಾನೆ. ನಾವು ವಸ್ತುವನ್ನು ಹಿಡಿಯುವುದಿಲ್ಲ. ಅದು ನಮಗೆ ಸಂಬಂಧಪಟ್ಟು ಇರುತ್ತದೆ.

ಆ ಸಂಬಂಧ ಎಂಥದು ಎಂಬುದನ್ನು ಹೇಳಲು ಕನ್ನಡದಲ್ಲಿ ಬೇರೆ ಬೇರೆ ಉಪಾಯಗಳಿವೆ. ಬಂಧುಬಳಗ, ರೋಗರುಜಿನ, ಬಿಡುವು, ಹಕ್ಕು ಇವುಗಳಿಗೆ ಚತುರ್ಥೀ ವಿಭಕ್ತಿ: ‘ನನಗೆ ಇಬ್ಬರು ತಂಗಿಯರಿದ್ದಾರೆ’, ‘ಮಗುವಿಗೆ ಜ್ವರ ಇದೆ’, ‘ನನಗೆ ಪುರುಸೊತ್ತಿಲ್ಲ’, ‘ಅವರಿಗೆ ಊರಲ್ಲಿ ಜಮೀನಿದೆ’. ಮನಸ್ಸಿನ ಗುಣಗಳಿಗೂ ಸಮುದಾಯದ ರೂಢಿಗಳಿಗೂ ಸಪ್ತಮಿ: ‘ಅವಳಲ್ಲಿ ಧೈರ್ಯವಿದೆ’, ‘ನಮ್ಮಲ್ಲಿ ಆ ಪದ್ಧತಿ ಇಲ್ಲ’. ಸದ್ಯಕ್ಕೆ ಕೈಗೆ ಸಿಗುವಂತಿರುವ ವಸ್ತುಗಳಿಗೆ ‘ಹತ್ತಿರ’, ‘ಬಳಿ’: ‘ನನ್ನ ಹತ್ತಿರ ನೂರು ರೂಪಾಯಿ ಇದೆ’. ಧಾರವಾಡದ ಕಡೆಯವರು ಇದನ್ನೇ ‘ನನ್ನ ಕಡೆ ನೂರು ರೂಪಾಯಿ ಐತಿ’ ಎನ್ನುತ್ತಾರೆ. ಮಂಗಳೂರಿನ ಕಡೆಯವರು ‘ನನಗೆ ಕೆಲಸ ಉಂಟು’ ಎನ್ನುತ್ತಾರೆ. ಕ್ರಿಯಾಪದದ ರೂಪ ಸೀಮೆಯಿಂದ ಸೀಮೆಗೆ ಬದಲಾದರೂ ವಾಕ್ಯದ ಬಗೆ ಎಲ್ಲ ಕಡೆಯೂ ಒಂದೇ.

ಈ ಉಪಾಯಗಳನ್ನು ಅದಲುಬದಲು ಮಾಡುವಂತಿಲ್ಲ. ‘ನನಗೆ ಒಬ್ಬ ಮಗ ಇದ್ದಾನೆ’ ಎಂದರೆ ಸಂಬಂಧ ಹೇಳಿದಂತಾಯಿತು. ಮಗ ದೆಹಲಿಯಲ್ಲಿರಬಹುದು, ಅಮೆರಿಕದಲ್ಲಿರಬಹುದು. ‘ಒಬ್ಬ ಮಗ ನನ್ನ ಹತ್ತಿರ ಇದ್ದಾನೆ’ ಎಂದರೆ ಅವನು ಮನೆಯಲ್ಲಿಯೇ ಇದ್ದು ನೋಡಿಕೊಳ್ಳುತ್ತಿದ್ದಾನೆ ಎಂದು ಅರ್ಥ. ವಯಸ್ಸಾದವರಿಗೆ ಈ ಎರಡು ವಾಕ್ಯಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದನ್ನು ವ್ಯಾಕರಣ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಇಂಗ್ಲಿಷಿನ ‘ಐ ಹ್ಯಾವ್ ಎ ಸನ್’ ಎಂಬುದು ಮೊದಲನೆಯದನ್ನು ಮಾತ್ರ ಹೇಳುತ್ತದೆ; ಎರಡನೆಯದಕ್ಕೆ ಬೇರೆ ಮಾತುಗಳನ್ನು ಜೋಡಿಸಬೇಕು.

‘ಹ್ಯಾವ್’ ಇಲ್ಲದಿರುವುದು ಕನ್ನಡವೊಂದರದೇ ವಿಶೇಷವಲ್ಲ. ತಮಿಳು ತೆಲುಗುಗಳ ದಾರಿಯೂ ಇದೇ. ಸಂಸ್ಕೃತದಲ್ಲಿ ‘ಮಮ ಪುತ್ರಃ ಅಸ್ತಿ’ ಎಂದರೆ ‘ನನ್ನ ಮಗ ಇದ್ದಾನೆ’ ಎಂಬ ರಚನೆ. ಹಿಂದಿಯವರು ಜ್ವರಕ್ಕೆ ‘ಮುಝೇ’ ಎಂದೂ ಹಣಕ್ಕೆ ‘ಮೇರೇ ಪಾಸ್’ ಎಂದೂ ನಮ್ಮಂತೆಯೇ ಭೇದ ಮಾಡುತ್ತಾರೆ. ರಷ್ಯನ್, ಹೀಬ್ರೂ ಭಾಷೆಗಳಲ್ಲಿಯೂ ‘ಇರು’ ಎಂಬ ಅರ್ಥದ ಮಾತೇ ಈ ಕೆಲಸ ಮಾಡುತ್ತದೆ. ಎಮಿಲ್ ಬೆನ್ವೆನಿಸ್ಟ್ ಎಂಬ ಫ್ರೆಂಚ್ ಭಾಷಾವಿಜ್ಞಾನಿ 1960ರಲ್ಲಿ ಪ್ರಕಟವಾದ ಪ್ರಸಿದ್ಧ ಲೇಖನವೊಂದರಲ್ಲಿ, ಲೋಕದ ಭಾಷೆಗಳ ನಡುವೆ ‘ಹ್ಯಾವ್’ನಂಥ ಕ್ರಿಯಾಪದವೇ ಅಪರೂಪದ್ದೆಂದು ತೋರಿಸಿದ್ದಾರೆ. ನಮಗೆ ಇಲ್ಲವೆಂದು ಕೊರಗಬೇಕಾಗಿಲ್ಲ. ಅವರಿಗೆ ಇರುವುದೇ ವಿಶೇಷ.

ಇನ್ನು ‘ಹ್ಯಾವ್’ನ ವ್ಯಾಕರಣದ ಕೆಲಸಗಳನ್ನು ನೋಡೋಣ. ಅವುಗಳಲ್ಲಿ ಬಹು ಮುಖ್ಯವಾದದ್ದು, ಅದು ಮತ್ತೊಂದು ಕ್ರಿಯಾಪದಕ್ಕೆ ಸಹಾಯಕವಾಗಿ ನಿಲ್ಲುವುದು. ‘ಐ ಹ್ಯಾವ್ ರಿಟನ್ ದ ಲೆಟರ್’ ಎಂಬಲ್ಲಿ ಒಡೆತನದ ಮಾತೆಲ್ಲಿದೆ? ಈಗ ಇಲ್ಲ, ಹಿಂದೆ ಇತ್ತು. ಹಳೆಯ ಇಂಗ್ಲಿಷಿನವನು ‘ಐ ಹ್ಯಾವ್ ದ ಲೆಟರ್ ರಿಟನ್’ ಎಂಬ ಕ್ರಮದಲ್ಲಿ ಹೇಳುತ್ತಿದ್ದ. ‘ಬರೆದು ಮುಗಿದ ಕಾಗದ ನನ್ನಲ್ಲಿದೆ’ ಎಂದು ಅದರ ತಾತ್ಪರ್ಯ. ‘ರಿಟನ್’ ಎಂಬುದು ಆಗ ಕಾಗದಕ್ಕೆ ವಿಶೇಷಣ. ಮುಗಿದ ಕೆಲಸ ಕೈಯಲ್ಲಿದೆ ಎಂದರೆ ಅದನ್ನು ಮುಗಿಸಿದವನು ಸಾಮಾನ್ಯವಾಗಿ ತಾನೇ. ಹೀಗೆ ಒಡೆತನದ ಮಾತು ಮೆಲ್ಲನೆ ಕಾಲದ ಮಾತಾಯಿತು. ಹಿಡಿಯಲು ಏನೂ ಇಲ್ಲದ ಕಡೆಗೂ ಅದು ಹಬ್ಬಿತು. ಬರುವುದು, ಹೋಗುವುದು ಮೊದಲಾದ ಕ್ರಿಯೆಗಳ ಜೊತೆಯಲ್ಲಿ ಇಂಗ್ಲಿಷ್ ಬಹುಕಾಲ ‘ಹ್ಯಾವ್’ ಅನ್ನು ಬಳಸದೆ ‘ಹಿ ಈಸ್ ಕಮ್’ ಎಂದೇ ಹೇಳುತ್ತಿತ್ತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ ಓದಿದವರಿಗೆ ಈ ರೂಪ ಪರಿಚಿತ. ಜರ್ಮನರು ಇಂದಿಗೂ ಹಾಗೆಯೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ‘ಹ್ಯಾವ್’ ಆ ಜಾಗಗಳನ್ನೂ ಆಕ್ರಮಿಸಿತು. ‘ಹಿ ಈಸ್ ಗಾನ್’ ಎಂಬಂಥ ಒಂದೆರಡು ಮಾತುಗಳಲ್ಲಿ ಹಳೆಯದರ ನೆನಪು ಉಳಿದಿದೆ.

ಕನ್ನಡ ಇದೇ ಕಾರ್ಯಕ್ಕೆ ಏನು ಮಾಡಿತು? ‘ಬರೆದಿದ್ದೇನೆ’ ಎಂಬುದನ್ನು ಬಿಡಿಸಿನೋಡಿ: ಬರೆದು, ಇದ್ದೇನೆ. ‘ಬಂದಿದ್ದಾನೆ’: ಬಂದು, ಇದ್ದಾನೆ. ಇಂಗ್ಲಿಷಿನವನು ಮುಗಿದ ಕೆಲಸವನ್ನು ಹಿಡಿದು ನಿಂತಿದ್ದಾನೆ. ಕನ್ನಡಿಗನು ಕೆಲಸ ಮುಗಿಸಿ ಇದ್ದಾನೆ. ಅಲ್ಲಿ ಹಿಡಿತ, ಇಲ್ಲಿ ಇರವು. ಆದರೆ ತಲುಪಿದ ಊರು ಒಂದೇ. ಅಷ್ಟೇ ಅಲ್ಲ, ಹೆಚ್ಚು ನಡೆದ ಕಾಲು ಸವೆಯುವಂತೆ ಎರಡು ಶಬ್ದಗಳೂ ಸವೆದವು. ‘ಐ ಹ್ಯಾವ್’ ಬಾಯಲ್ಲಿ ‘ಐವ್’ ಆಯಿತು. ಅಲ್ಲಿಯ ಮಕ್ಕಳು ‘ಶುಡ್ ಹ್ಯಾವ್’ ಎಂದು ಬರೆಯುವ ಬದಲು, ಕಿವಿಗೆ ಬಿದ್ದಂತೆ ‘ಶುಡ್ ಆಫ್’ ಎಂದು ಬರೆದು ಉಪಾಧ್ಯಾಯರಿಂದ ಬೈಸಿಕೊಳ್ಳುವುದುಂಟು. ನಮ್ಮಲ್ಲಿ ‘ಬಂದಿದ್ದಾನೆ’ ಎಂಬುದು ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಬಂದವ್ನೆ’. ಉತ್ತರ ಕರ್ನಾಟಕದಲ್ಲಿ ‘ಬಂದಾನ’.

ಇನ್ನೊಂದು ಕಾರ್ಯ, ಕರ್ತವ್ಯವನ್ನು ಸೂಚಿಸುವುದು. ‘ಐ ಹ್ಯಾವ್ ಎ ಲೆಟರ್ ಟು ರೈಟ್’ ಎಂದರೆ ಬರೆಯಬೇಕಾದ ಕಾಗದವೊಂದು ನನ್ನ ಪಾಲಿಗಿದೆ ಎಂದು. ಅದೇ ‘ಐ ಹ್ಯಾವ್ ಟು ರೈಟ್ ಎ ಲೆಟರ್’ ಆದಾಗ ಕಾಗದ ಹಿಂದೆ ಸರಿದು, ಬರೆಯುವ ಹೊರೆಯೇ ಮುಂದೆ ಬಂತು. ಕನ್ನಡದಲ್ಲಿಯೂ ‘ನನಗೆ ಒಂದು ಕಾಗದ ಬರೆಯುವುದಿದೆ’, ‘ನಾಳೆ ನಮಗೆ ಶಿವಮೊಗ್ಗಕ್ಕೆ ಹೋಗುವುದಿದೆ’ ಎಂದು ಹೇಳುತ್ತೇವಲ್ಲವೆ? ಮತ್ತೆ ಅದೇ ‘ಇದೆ’. ಒಡೆತನಕ್ಕೆ, ಮುಗಿದ ಕೆಲಸಕ್ಕೆ, ಮಾಡಬೇಕಾದ ಕೆಲಸಕ್ಕೆ ಇಂಗ್ಲಿಷ್ ಒಂದು ಶಬ್ದವನ್ನು ದುಡಿಸಿಕೊಂಡಿತು. ಕನ್ನಡವೂ ಆ ಮೂರಕ್ಕೂ ಒಂದೇ ಶಬ್ದವನ್ನು ದುಡಿಸಿಕೊಂಡಿತು. ಪರಸ್ಪರ ಅರಿಯದ ಎರಡು ಭಾಷೆಗಳು ಬೇರೆ ಬೇರೆ ಎತ್ತುಗಳನ್ನು ಕಟ್ಟಿ ಒಂದೇ ಬಗೆಯ ಹೊಲವನ್ನು ಉತ್ತಿವೆ.

ಆದರೆ ಒಂದು ಕಡೆ ದಾರಿಗಳು ಬೇರೆಯಾಗುತ್ತವೆ. ಇತರರಿಂದ ಮಾಡಿಸುವ ಕೆಲಸಕ್ಕೂ ಇಂಗ್ಲಿಷ್ ‘ಹ್ಯಾವ್’ ಅನ್ನೇ ಕರೆಯುತ್ತದೆ. ‘ಐ ಹ್ಯಾಡ್ ದ ಹೌಸ್ ಪೇಂಟೆಡ್’ ಎಂದರೆ ಬಣ್ಣ ಹೊಡೆಸಿದೆ. ‘ಐ ಹ್ಯಾಡ್ ಪೇಂಟೆಡ್ ದ ಹೌಸ್’ ಎಂದರೆ ನಾನೇ ಬಣ್ಣ ಹೊಡೆದಿದ್ದೆ. ಶಬ್ದಗಳು ಅವೇ; ಅವುಗಳ ಸ್ಥಾನ ಬದಲಾದುದರಿಂದ ಕುಂಚ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ನಮ್ಮಲ್ಲಿ ಈ ಕೆಲಸವನ್ನು ಪ್ರೇರಣಾರ್ಥಕದ ‘ಇಸು’ ಪ್ರತ್ಯಯ ನಿರ್ವಹಿಸುತ್ತದೆ: ಮಾಡು, ಮಾಡಿಸು, ಬರೆ, ಬರೆಸು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮವರು ಮಾಡುವ ಎರಡು ತಪ್ಪುಗಳನ್ನು ವಿಚಾರಿಸೋಣ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೆ’ ಎಂಬುದು ಒಂದು. ಇಂಗ್ಲಿಷಿನ ಕಿವಿಗೆ ಇದು ಸಲ್ಲದು. ಏಕೆಂದರೆ ‘ಹ್ಯಾವ್’ ವರ್ತಮಾನದ ಶಬ್ದ, ನಿನ್ನೆಯ ದಿನವನ್ನು ಅದು ಸಹಿಸದು. ಕನ್ನಡದಲ್ಲಿ ‘ಅವನು ನಿನ್ನೆ ಬಂದಿದ್ದಾನೆ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇಲ್ಲಿ ಕ್ರಿಯೆಗಳು ಎರಡಿವೆ: ನಿನ್ನೆ ಬಂದು, ಈಗ ಇದ್ದಾನೆ. ‘ನಿನ್ನೆ’ ಎಂಬುದು ‘ಬಂದು’ ಎಂಬುದನ್ನು ಆತುಕೊಂಡು ಸುಖವಾಗಿ ನಿಲ್ಲುತ್ತದೆ.

ಎರಡನೆಯ ತಪ್ಪು ಹೆಚ್ಚು ಪ್ರಸಿದ್ಧವಾದದ್ದು: ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’. ‘ಐ ಆಮ್ ಹ್ಯಾವಿಂಗ್ ಬ್ರೇಕ್‌ಫಾಸ್ಟ್’ ಸರಿ, ಇದು ತಪ್ಪು. ಉಪಾಹಾರ ಒಂದು ಕ್ರಿಯೆ. ಆರಂಭವಾಗಿ, ನಡೆದು, ಮುಗಿಯುತ್ತದೆ. ಅಣ್ಣತಮ್ಮಂದಿರಿರುವುದು ನಡೆಯುವ ಕ್ರಿಯೆಯಲ್ಲ, ಒಂದು ಸ್ಥಿತಿ. ಸ್ಥಿತಿಗೆ ಇಂಗ್ಲಿಷ್ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ನಮ್ಮ ಹುಡುಗನ ಮನಸ್ಸು ಹೇಗೆ ಓಡುತ್ತದೆ? ‘ಹೋಗುತ್ತಾನೆ’ ಎಂಬುದಕ್ಕೆ ‘ಹಿ ಗೋಸ್’ ಎಂದು ಅವನು ಕಲಿತಿದ್ದಾನೆ. ಅದು ರೂಢಿಯ ಮಾತು. ಈಗ ಆಗುತ್ತಿರುವುದಕ್ಕೆ ‘ಇಂಗ್’ ಎಂದು ಕಲಿತಿದ್ದಾನೆ. ಕನ್ನಡದಲ್ಲಿ ‘ಇರುತ್ತಾರೆ’ ಎಂಬುದು ರೂಢಿ, ‘ಇದ್ದಾರೆ’ ಎಂಬುದು ಈಗಿನ ಮಾತು. ಆದುದರಿಂದ ‘ಇದ್ದಾರೆ’ ಎಂಬುದಕ್ಕೆ ಅವನು ‘ಇಂಗ್’ ಹಚ್ಚಿದ ಎಂದು ನನಗೆ ತೋರುತ್ತದೆ. ಹಿಂದಿ, ತಮಿಳುಗಳನ್ನಾಡುವವರೂ ಈ ತಪ್ಪನ್ನು ಮಾಡುವುದರಿಂದ ಇತರ ಕಾರಣಗಳೂ ಇದ್ದಾವು. ಏನೇ ಇರಲಿ, ಇದು ಬುದ್ಧಿಯಿಲ್ಲದವನ ತಪ್ಪಲ್ಲ. ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದವನ ತಪ್ಪು.

ಕೆಲವು ವರ್ಷಗಳ ಹಿಂದೆ ಉಪನ್ಯಾಸಕರ ಆಯ್ಕೆಗಾಗಿ ಕೂಡಿದ್ದ ಸಮಿತಿಯೊಂದರಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಹಳ್ಳಿಯ ಶಾಲೆಯಲ್ಲಿ ಓದಿ ಬಂದ ತರುಣನೊಬ್ಬ ಹಳಗನ್ನಡ ಛಂದಸ್ಸಿನ ಪ್ರಶ್ನೆಗಳಿಗೆಲ್ಲ ಖಚಿತವಾಗಿ ಉತ್ತರ ಹೇಳಿದ. ಕೊನೆಯಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಮನೆಯ ವಿಚಾರ ಕೇಳಿದರು. ‘ಐ ಆಮ್ ಹ್ಯಾವಿಂಗ್ ಮದರ್ ಓನ್ಲಿ’ ಎಂದ. ಮೇಜಿನ ಈಚೆ ಕಡೆ ಇಬ್ಬರು ನಕ್ಕರು. ಅವನ ಮುಖ ಸಣ್ಣದಾಯಿತು. ಅವನು ಹೇಳಿದ್ದು ‘ನನಗೆ ತಾಯಿ ಮಾತ್ರ ಇದ್ದಾರೆ’ ಎಂಬ ಮಾತನ್ನು. ಅದರಲ್ಲಿದ್ದ ದುಃಖ ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಆ ಸ್ಥಾನ ಅವನಿಗೆ ದೊರೆಯಲಿಲ್ಲ. ಕಾರಣಗಳು ಬೇರೆಯೂ ಇದ್ದಿರಬಹುದು. ಆದರೆ ಇಂಗ್ಲಿಷಿನ ಒಂದು ಕ್ರಿಯಾಪದದಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯುವವರು, ಆ ಕ್ರಿಯಾಪದ ತಮ್ಮ ತಾಯಿನುಡಿಯಲ್ಲಿ ಏಕಿಲ್ಲವೆಂಬುದನ್ನು ಒಮ್ಮೆ ಯೋಚಿಸಿದ್ದರೆ ನಗುತ್ತಿರಲಿಲ್ಲವೆಂದು ನಂಬಿದ್ದೇನೆ. ನಮ್ಮ ಶಾಲೆಗಳಲ್ಲಿ ‘ಇದು ತಪ್ಪು’ ಎಂದು ಕೆಂಪು ಗೆರೆ ಎಳೆಯುವ ಬದಲು, ‘ಕನ್ನಡದಲ್ಲಿ ಹೀಗೆ, ಇಂಗ್ಲಿಷಿನಲ್ಲಿ ಹಾಗೆ’ ಎಂದು ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಪಾಠ ಇದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ಹ್ಯಾವ್’ ಇಲ್ಲದ ಜನ ಆಸೆಯಿಲ್ಲದ ಜನ, ‘ಇದೆ’ ಎನ್ನುವವರೆಲ್ಲ ವಿರಕ್ತರು ಎಂದು ಹೆಮ್ಮೆಪಡುವ ಪ್ರಲೋಭನೆ ನಮಗಾಗಬಹುದು. ಎರಿಕ್ ಫ್ರೊಮ್ ಎಂಬ ಚಿಂತಕರು 1976ರಲ್ಲಿ ಪ್ರಕಟಿಸಿದ ‘ಟು ಹ್ಯಾವ್ ಆರ್ ಟು ಬಿ’ ಎಂಬ ಗ್ರಂಥದಲ್ಲಿ, ಹೊಂದುವ ಬಾಳು ಮತ್ತು ಇರುವ ಬಾಳು ಎಂಬ ಭೇದವನ್ನು ಚರ್ಚಿಸುತ್ತ, ‘ಹ್ಯಾವ್’ ಇಲ್ಲದ ಭಾಷೆಗಳನ್ನೂ ಪ್ರಸ್ತಾಪಿಸಿದ್ದಾರೆ. ವಿಚಾರ ಸೊಗಸಾಗಿದೆ. ಆದರೆ ಒಂದು ಗೇಣು ಗಡಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರೂ ‘ನಮಗೆ ಜಮೀನಿದೆ’ ಎಂದೇ ಹೇಳಿದರು. ‘ಉಳ್ಳವರು’ ಎಂಬ ಮಾತೂ ನಮ್ಮಲ್ಲಿ ಬಹಳ ಹಳೆಯದು. ಅದರ ಧಾತು ‘ಉಳ್’, ಎಂದರೆ ‘ಇರು’. ‘ಉಂಟು’ ಎಂಬುದೂ ಅದರಿಂದ ಬಂದದ್ದೇ. ‘ಹಣವುಳ್ಳವನು’ ಎಂದರೆ ವ್ಯಾಕರಣದ ದೃಷ್ಟಿಯಲ್ಲಿ ಹಣ ಇರುವವನು, ಅಷ್ಟೆ. ವ್ಯಾಕರಣ ವಿನಯದಿಂದಿದ್ದ ಮಾತ್ರಕ್ಕೆ ಉಳ್ಳವನು ವಿನಯವಂತನಾಗಲಿಲ್ಲ. ಭಾಷೆಯ ರಚನೆಯಿಂದ ಜನರ ಶೀಲವನ್ನು ನಿರ್ಣಯಿಸಲಾಗದು. ರಚನೆ ಹೇಳುವುದು ಇಷ್ಟೇ: ಒಂದು ಸಂಗತಿಯನ್ನು ಯಾವ ಕಡೆಯಿಂದ ನೋಡಿ ಮಾತನ್ನು ಆರಂಭಿಸುವ ರೂಢಿ ನಮ್ಮದು ಎಂಬುದನ್ನು.

ಆ ರೂಢಿಗೆ ಈಗ ಅಪಾಯ ಬಂದಿದೆ. ಇಂಗ್ಲಿಷಿನಿಂದ ಅವಸರದಲ್ಲಿ ಅನುವಾದ ಮಾಡುವವರಿಗೆ ‘ಹ್ಯಾವ್’ ಎದುರಾದಾಗ ಕನ್ನಡದಲ್ಲಿ ಒಂದು ಸಕರ್ಮಕ ಕ್ರಿಯಾಪದ ಬೇಕೆನಿಸುತ್ತದೆ. ಆಗ ಕೈಗೆ ಸಿಗುವುದು ‘ಹೊಂದು’. ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ.’ ‘ಈ ಮನೆ ನಾಲ್ಕು ಕೋಣೆಗಳನ್ನು ಹೊಂದಿದೆ.’ ‘ರೋಗಿಯು ಜ್ವರವನ್ನು ಹೊಂದಿದ್ದಾನೆ.’ ಇಂಥ ವಾಕ್ಯಗಳು ಪತ್ರಿಕೆಗಳಲ್ಲಿ, ಸರ್ಕಾರಿ ಸುತ್ತೋಲೆಗಳಲ್ಲಿ, ಪಠ್ಯಪುಸ್ತಕಗಳಲ್ಲಿಯೂ ಕಾಣತೊಡಗಿವೆ. ‘ಹೊಂದು’ ಒಳ್ಳೆಯ ಕನ್ನಡ ಶಬ್ದವೇ. ಏಳಿಗೆ ಹೊಂದಬಹುದು, ಪದವಿ ಹೊಂದಬಹುದು. ಅಲ್ಲಿ ಇಲ್ಲದ್ದನ್ನು ಪಡೆದ ಅರ್ಥವಿದೆ. ಎರಡು ವಸ್ತುಗಳು ಒಂದಕ್ಕೊಂದು ಹೊಂದಲೂಬಹುದು. ಆದರೆ ಮಕ್ಕಳನ್ನು, ಕೋಣೆಗಳನ್ನು, ಜ್ವರವನ್ನು ಕನ್ನಡಿಗರು ಹೊಂದಿದವರಲ್ಲ. ‘ಅವರಿಗೆ ಇಬ್ಬರು ಮಕ್ಕಳು’ ಎಂಬ ಮೂರೇ ಶಬ್ದಗಳು ಸಾಕು. ಅಲ್ಲಿ ಕ್ರಿಯಾಪದವೂ ಬೇಡ. ಚತುರ್ಥೀ ವಿಭಕ್ತಿಯೊಂದೇ ಸಂಬಂಧವನ್ನೆಲ್ಲ ಹೇಳಿಬಿಡುತ್ತದೆ.

ಭಾಷೆಗಳು ಒಂದರಿಂದ ಒಂದು ಪಡೆಯುವುದು ತಪ್ಪಲ್ಲ. ಪೆನ್ನು, ಬಸ್ಸು, ಕೋರ್ಟು ಬಂದವು. ಕನ್ನಡ ಅವುಗಳಿಗೆ ಉಕಾರ ಹಚ್ಚಿ ಮನೆಯವರನ್ನಾಗಿ ಮಾಡಿಕೊಂಡಿತು. ಶಬ್ದ ಬಂದರೆ ಮನೆಗೆ ಒಬ್ಬ ಅತಿಥಿ ಬಂದಂತೆ. ವಾಕ್ಯದ ಕಟ್ಟೇ ಬದಲಾದರೆ ಮನೆಯ ತೊಲೆಯನ್ನು ಕಿತ್ತಂತೆ. ‘ಹೊಂದಿದ್ದಾರೆ’ ಎಂಬಲ್ಲಿ ಇಂಗ್ಲಿಷಿನ ಒಂದು ಅಕ್ಷರವೂ ಇಲ್ಲ, ಎಲ್ಲವೂ ಅಚ್ಚಕನ್ನಡ. ಆದುದರಿಂದಲೇ ಅದು ನಮ್ಮ ಕಣ್ಣಿಗೆ ಬೀಳದೆ ಒಳಗೆ ಬಂದುಬಿಡುತ್ತದೆ. ಹೀಗೆಯೇ ನಡೆದರೆ ‘ನನಗೆ’, ‘ನನ್ನಲ್ಲಿ’, ‘ನನ್ನ ಹತ್ತಿರ’ ಎಂಬ ಭೇದಗಳೆಲ್ಲ ಒಂದೇ ‘ಹೊಂದು’ವಿನಲ್ಲಿ ಕರಗಿ, ದೂರದಲ್ಲಿರುವ ಮಗನಿಗೂ ಹತ್ತಿರ ಇರುವ ಮಗನಿಗೂ ವ್ಯತ್ಯಾಸ ಹೇಳಲಾಗದ ಕನ್ನಡ ನಮ್ಮ ಮೊಮ್ಮಕ್ಕಳ ಪಾಲಿಗೆ ಉಳಿದೀತು.

ಕೊನೆಯದಾಗಿ, ನಾವೆಲ್ಲರೂ ದಿನಪತ್ರಿಕೆಯಲ್ಲಿ ಓದುವ ಒಂದು ವಾಕ್ಯವನ್ನು ನೆನಪಿಗೆ ತರುತ್ತೇನೆ. ನಿಧನವಾರ್ತೆಯ ಕಡೆಯಲ್ಲಿ ‘ಮೃತರಿಗೆ ಪತ್ನಿ, ಒಬ್ಬ ಪುತ್ರ, ಇಬ್ಬರು ಪುತ್ರಿಯರು ಇದ್ದಾರೆ’ ಎಂದು ಬರೆಯುವುದು ರೂಢಿ. ಇದನ್ನು ಇಂಗ್ಲಿಷಿನಲ್ಲಿ ‘ಹ್ಯಾಸ್’ ಬಳಸಿ ಹೇಳಲಾಗದು. ತೀರಿಹೋದವನು ಏನನ್ನು ತಾನೆ ಹಿಡಿದುಕೊಂಡಾನು? ಆದುದರಿಂದ ಅವರು ‘ಇವರನ್ನು ಬಿಟ್ಟು ಹೋಗಿದ್ದಾರೆ’ ಎಂದೋ, ‘ಇವರು ಉಳಿದಿದ್ದಾರೆ’ ಎಂದೋ ವಾಕ್ಯವನ್ನು ಬೇರೆ ಮಾಡಿಕೊಳ್ಳುತ್ತಾರೆ. ಕನ್ನಡಕ್ಕೆ ಆ ತೊಡಕಿಲ್ಲ. ಇರುವವರು ಪತ್ನಿ ಮತ್ತು ಮಕ್ಕಳು, ಕ್ರಿಯೆ ಅವರದು, ವರ್ತಮಾನಕಾಲವೂ ಅವರದು. ತೀರಿಹೋದವರಿಗೆ ಉಳಿದಿರುವುದು ಚತುರ್ಥೀ ವಿಭಕ್ತಿ ಮಾತ್ರ. ಸಾವು ಅದನ್ನು ಅವರಿಂದ ಕಸಿದುಕೊಳ್ಳಲಿಲ್ಲ. ಮುಂದೆ ಯಾರಾದರೂ ಆ ಜಾಗದಲ್ಲಿ ‘ಮೃತರು ಪತ್ನಿ ಹಾಗೂ ಮೂವರು ಮಕ್ಕಳನ್ನು ಹೊಂದಿದ್ದರು’ ಎಂದು ಬರೆದರೆ, ಅಲ್ಲಿ ಬದುಕಿರುವ ನಾಲ್ವರೂ ಭೂತಕಾಲಕ್ಕೆ ಸರಿದುಹೋಗುತ್ತಾರೆಂಬುದನ್ನು ನಾವು ಗಮನಿಸಬೇಕು.